ಬ್ರಿನ್‌ಗ್ಲಾಸ್ ಮನೆಯ ಹಾಡು

ಬ್ರಿನ್‌ಗ್ಲಾಸ್, ಮಾಂಟ್‌ಗಮರಿ ಸೀಮೆ
18 ನವೆಂಬರ್ 1953

ಪ್ರೀತಿಯ ಇದ್ವಾಲಣ್ಣನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ನೆಟ್ಟಗಿಲ್ಲ. ಮೊದಲೇ ಕ್ಷಮೆ ಕೇಳುತ್ತೇನೆ. ಊರ ಚಿಕ್ಕ ಶಾಲೆ ಬಿಟ್ಟರೆ ಬೇರೆ ಶಾಲೆಯ ಒಳಗೆ ಕಾಲಿಟ್ಟವಳಲ್ಲ ಎಂದು ನಿಮಗೆ ಗೊತ್ತೇ ಇದೆ. ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿ, ನಾಲ್ಕನೆಯ ಸಲ ಇದನ್ನು ಬರೆಯುತ್ತಿದ್ದೇನೆ.

ನೀವು ನಟನೆ ಕಲಿಯಲು ಲಂಡನ್ನಿಗೆ ಹೋಗಿ ಎರಡು ವರ್ಷವಾಯಿತು. ಆರು ವರ್ಷ ನಮ್ಮಲ್ಲಿ ಕೆಲಸಕ್ಕಿದ್ದು ಕುರಿ ಕಾದು, ಅಪ್ಪ ಮತ್ತು ಮಗ ಇಥೆಲಣ್ಣನ ನಡುವೆ ನಿಂತು ನಮ್ಮ ಮನೆಯ ಹಾಡು ಹಾಡಿದವರು ನೀವು. ಹೊರಟ ದಿನ ಅಪ್ಪ ತಾವಾಗಿಯೇ ಹಾಡಿನ ಪುಸ್ತಕವನ್ನು ನಿಮ್ಮ ಕೈಗಿಟ್ಟು, "ಮನೆ ನೆನಪಾದ್ರೆ ತೆಗ್ದು ನೋಡು, ಪ್ಲಗೈನ್‌ಗೆ ವಾಪಸ್ ತಾ" ಅಂದಿದ್ದರು. ಮುತ್ತಾತ ಕೈಯಾರೆ ಬರೆದ ಪುಸ್ತಕ. ಅಮ್ಮನಿಗೂ ಅವರು ಅದನ್ನು ಮುಟ್ಟಲು ಕೊಟ್ಟದ್ದು ನಾನು ಕಂಡಿಲ್ಲ.

ಚರ್ಚಿನಲ್ಲಿ ಕ್ರಿಸ್‌ಮಸ್ ಹಾಡು ಹಾಡುವ ಎರಡು ಪ್ಲಗೈನ್ ಸಂಜೆ ಕಳೆದವು, ನೀವು ಬರಲಿಲ್ಲ. ಕಳೆದ ಜನವರಿಯ ಸಂಗತಿ ಕೇಳಿದರೆ ನಗುತ್ತೀರಿ. ಗಿರಣಿಯ ವಿನ್ ಎಲ್ಲರಿಗಿಂತ ಮೊದಲೇ ಎದ್ದು ಹಾಡಿದ ಹಾಡು, ಗುಡ್ಡದಾಚೆಯಿಂದ ಬಂದ ಮೂವರು ಮುದುಕರ ಹಾಡೂ ಆಗಿತ್ತು. ಚರ್ಚಿನಲ್ಲಿ ಒಮ್ಮೆ ಹಾಡಿದ ಹಾಡನ್ನು ಆ ಸಂಜೆ ಮತ್ತೆ ಯಾರೂ ಎತ್ತುವಂತಿಲ್ಲವಲ್ಲ! ಏಳು ಮೈಲಿ ಹಿಮದಲ್ಲಿ ನಡೆದು ಬಂದವರು ಬಾಯಿ ಮುಚ್ಚಿ ಕೂತರು. ಊಟದ ಹೊತ್ತಿಗೆ ಅವರಲ್ಲೊಬ್ಬ, "ನಮ್ಮ ನಾಲಿಗೆ ಕಿತ್ಕೊಂಡು ನಮಗೇ ಮಾಂಸ ಬಡಿಸ್ತೀಯಲ್ಲೋ ವಿನ್, ರುಚಿ ಹೆಂಗೆ ನೋಡ್ಲಿ?" ಅಂದ. ಎಲ್ಲರೂ ನಕ್ಕರು. ವಿನ್ ಮಾತ್ರ ನಗಲಿಲ್ಲ.

ನಮಗೆ ಆ ಭಯವಿಲ್ಲ. ಹತ್ತೊಂಬತ್ತು ನುಡಿಯ ನಮ್ಮ ಹಾಡು ಇನ್ನಾರ ಮನೆಯಲ್ಲೂ ಇಲ್ಲ. ಬ್ರಿನ್‌ಗ್ಲಾಸ್‌ನವರು ಬಿಟ್ಟು ಯಾರೂ ಅದನ್ನು ಹಾಡಿಲ್ಲ. ಆದರೆ ಆ ಸಂಜೆ ಅಪ್ಪನಿಗೆ ಹನ್ನೊಂದನೆಯ ನುಡಿ ಕೈಕೊಟ್ಟಿತು. ಇಥೆಲಣ್ಣ ಹೇಗೋ ಎಳೆದುಕೊಂಡು ಹೋದ. ಮನೆಗೆ ಬಂದ ಮೇಲೆ ಅಪ್ಪ ಗಡಿಯಾರದ ಪಕ್ಕದ ಗೂಡಿನಲ್ಲಿ ಪುಸ್ತಕ ಇರುತ್ತಿದ್ದ ಜಾಗವನ್ನು ಕೈಯಿಂದ ಸವರಿದರು. ಕೊಟ್ಟದ್ದನ್ನು ಕೇಳುವ ಸ್ವಭಾವ ಅವರದಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ. ಕ್ರಿಸ್‌ಮಸ್‌ಗೆ ಮೊದಲು ಬನ್ನಿ, ಇಲ್ಲವಾದರೆ ಪುಸ್ತಕ ಕಳಿಸಿ.

ನಿಮ್ಮ ನೆಸ್ತಾ


ಲಂಡನ್
2 ಡಿಸೆಂಬರ್ 1953

ನನ್ನ ಪುಟ್ಟ ನೆಸ್ತಾ,

ನಿನ್ನ ಅಕ್ಷರಕ್ಕೇನಾಗಿದೆ? ಓದುತ್ತಿದ್ದರೆ ನಿಮ್ಮ ಅಂಗಳವೇ ಕಣ್ಣಿಗೆ ಬಂತು.

ಇಲ್ಲಿ ನನ್ನ ಬಾಳು ಕೇಳಬೇಡ. ವೇಲ್ಸ್‌ನವನು ಅಂದರೆ ಇವರ ಪಾಲಿಗೆ ಗಣಿಯವನೇ. ನಾನು ಕಲ್ಲಿದ್ದಲು ಕಂಡದ್ದು ನಿಮ್ಮ ಒಲೆಯ ಪಕ್ಕದ ಬಕೆಟ್ಟಿನಲ್ಲಿ ಮಾತ್ರ. ಆದರೂ ಮೂರು ಸಿನಿಮಾದಲ್ಲಿ ಮೂರು ಸಲ ಗಣಿ ಕುಸಿದು ಸತ್ತಿದ್ದೇನೆ. ಮೊನ್ನೆಯದರಲ್ಲಿ ಸಾಯುವ ಮೊದಲು ಒಂದು ಮಾತೂ ಇತ್ತು: "ದೀಪ ಎಲ್ಲಿ?" ಅದನ್ನು ಹದಿನೇಳು ಸಲ ಹೇಳಿಸಿದರು.

ಟೆಲಿವಿಷನ್ ಇನ್ನೂ ಕಷ್ಟ. ಆಡಿದ್ದು ಆಡಿದ ಗಳಿಗೆಯಲ್ಲೇ ಜನರ ಮನೆಗೆ ಹೋಗುತ್ತದೆ, ತಪ್ಪಿದರೆ ತಪ್ಪಿದ ಹಾಗೆಯೇ. ಅದಕ್ಕೇ ಪೆನ್ಸಿಲು ಯಾವಾಗಲೂ ಕಿವಿಯ ಮೇಲಿರುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ಕಣ್ಣೊರೆಸಬೇಕು, ಎಲ್ಲ ಮಾತಿನ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ. ಗುರುತು ಹಾಕದ ಕಣ್ಣೀರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ನಮ್ಮ ಗುರುಗಳು ಹೇಳುತ್ತಾರೆ. ಆದರೆ ಒಂಬತ್ತನೆಯ ನುಡಿಯಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಯಜಮಾನರು ಕಲಿಸಿದರಲ್ಲ, ಇಲ್ಲಿ ನನ್ನ ಹೊಟ್ಟೆ ಹೊರೆಯುತ್ತಿರುವುದು ಅದೇ.

ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅಂಚೆಯಲ್ಲಿ ಹೇಗೆ ಕಳಿಸಲಿ, ಕಳೆದುಹೋದರೆ? ಈ ಕ್ರಿಸ್‌ಮಸ್‌ಗೆ ಟೆಲಿವಿಷನ್ ನಾಟಕವಿದೆ. ಬರುವ ವರ್ಷ ನಾನೇ ತರುತ್ತೇನೆ.

ಒಂದು ಮಾತು, ಸಿಟ್ಟಾಗಬೇಡ. ನಾವು ಮೂವರು ಅಭ್ಯಾಸ ಮಾಡುವಾಗ ನೀನು ಹಾಲಿನ ಕೋಣೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆಯಲ್ಲ? ಯಾರಿಗಾಗಿ ಎಂದು ನನಗೆ ಗೊತ್ತಿತ್ತು.

ಇದ್ವಾಲ್


ಬ್ರಿನ್‌ಗ್ಲಾಸ್
9 ಮಾರ್ಚ್ 1955

ಇದ್ವಾಲಣ್ಣನಿಗೆ,

ನಿಮ್ಮ ಹೊಸ ಸಿನಿಮಾ ಆಸ್ವೆಸ್ಟ್ರಿ ಪೇಟೆಗೆ ಬಂದಿದೆ ಎಂದು ಅಂಚೆಯ ಮಾರ್ಗೆಡ್ ಊರೆಲ್ಲ ಸಾರಿದಳು. ಶನಿವಾರ ಬಸ್ಸು ತುಂಬಿ ಹೋದೆವು. ಅಪ್ಪ ಭಾನುವಾರದ ಕೋಟು ಹಾಕಿಕೊಂಡರು. ಸಿನಿಮಾ ಎಂಬುದನ್ನು ಅವರು ನೋಡಿದ್ದು ಅದೇ ಮೊದಲು.

ನೀವು ಕುರಿಕಳ್ಳನಾಗಿ ಬಂದಾಗ ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. "ಕುರಿ ಹಿಡಿಯೋದು ನೋಡು, ಬ್ರಿನ್‌ಗ್ಲಾಸ್‌ನಲ್ಲಿ ಕಲ್ತಿದ್ದು!" ಎಂದು ವಿನ್ ಕೂಗಿದ. ಅಪ್ಪ ನಕ್ಕರು. ಆಮೇಲೆ ಹೆಂಡದಂಗಡಿ ಬಂತು. ನೀವು ಮೇಜಿನ ಮೇಲೆ ಹತ್ತಿದಿರಿ. ಕೈಯಲ್ಲಿ ಬಿಯರ್ ಲೋಟ. ತೊದಲುತ್ತ ನಮ್ಮ ಹಾಡು ಹಾಡಿದಿರಿ. ಕುಡುಕರು ಲೋಟದಿಂದ ತಾಳ ಹಾಕಿದರು. ದೇವಶಿಶುವನ್ನು ಬಟ್ಟೆಯಲ್ಲಿ ಸುತ್ತುವ ಹದಿನಾಲ್ಕನೆಯ ನುಡಿ ಇದೆಯಲ್ಲ, ಅಲ್ಲಿ ನೀವು ಜಾರಿ ಬಿದ್ದಿರಿ. ಥಿಯೇಟರಿಗೆ ಥಿಯೇಟರೇ ನಕ್ಕಿತು.

ಅಪ್ಪ ಎದ್ದರು. ಟೋಪಿಯನ್ನು ಮೊಣಕಾಲಿಗೆ ಬಡಿದು ತಲೆಗೆ ಇಟ್ಟುಕೊಂಡು ಹೊರಗೆ ಹೋದರು. ನಾನು ಹಿಂದೆ ಹೋದೆ. ಒಂದೂವರೆ ಗಂಟೆ ಬಸ್ಸಿಗಾಗಿ ಗಾಳಿಯಲ್ಲಿ ನಿಂತೆವು. ಬಸ್ಸು ಹತ್ತಿದ ಮೇಲೆ ಹಿಂದಿನ ಸೀಟಿನಿಂದ ಯಾರೋ, "ಏನ್ ಯಜಮಾನ್ರೇ, ನಿಮ್ಮನೆ ಹಾಡು ಬಿಯರ್ ಜೊತೆ ಚೆನ್ನಾಗಿ ಇಳಿಯತ್ತಲ್ಲ!" ಅಂದರು. ಮಾರ್ಗೆಡ್, "ಬಾಯ್ಮುಚ್ಚೋ ಮುಂಡೇದೆ" ಅಂದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊರಗೆ ಕತ್ತಲು, ಏನೂ ಕಾಣುತ್ತಿರಲಿಲ್ಲ.

ಈಗ ಸಂತೆಯಲ್ಲಿ ಕುರಿ ಹೊಡೆಯುವವರೂ ಅದನ್ನು ಶಿಳ್ಳೆ ಹಾಕುತ್ತಾರೆ.

ಪುಸ್ತಕ ಕಳಿಸಿ. ಬೇರೇನೂ ಬೇಡ.

ನೆಸ್ತಾ


ಲಂಡನ್
20 ಮಾರ್ಚ್ 1955

ಪ್ರೀತಿಯ ನೆಸ್ತಾ,

ಯಜಮಾನರು ನೊಂದರೇ? ಅಯ್ಯೋ, ಅವರಿಗೆ ನೀನು ಬಿಡಿಸಿ ಹೇಳಬೇಕಿತ್ತು. "ಏನಾದರೂ ನಿಮ್ಮ ಕಡೆಯದು ಹಾಡಿ" ಎಂದು ನಿರ್ದೇಶಕರು ಕೇಳಿದರು. ನನ್ನ ಬಳಿ ಇದ್ದದ್ದರಲ್ಲಿ ಶ್ರೇಷ್ಠವಾದದ್ದನ್ನು ಕೊಟ್ಟೆ. ಅದು ತಪ್ಪೇ? ನಿಮ್ಮ ಹಾಡನ್ನು ಇಷ್ಟು ವರ್ಷ ಕೇಳಿದ್ದು ಒಂದು ಚರ್ಚಿನ ನೂರು ಜನ. ಈಗ ದೇಶವೇ ಕೇಳಿದೆ. ಪತ್ರಿಕೆಯೊಂದು ಆ ಒಂದು ದೃಶ್ಯಕ್ಕಾಗಿಯೇ ನನ್ನ ಹೆಸರು ಹಾಕಿತು. ಇನ್ನು ಮೇಲೆ ನಾನು ಗಣಿಯಲ್ಲಿ ಸಾಯಬೇಕಿಲ್ಲ.

ಇದರ ಜೊತೆ ನನ್ನ ಫೋಟೋ ಇಟ್ಟಿದ್ದೇನೆ, ಸಹಿ ಮಾಡಿ. ಗಡಿಯಾರದ ಪಕ್ಕದ ಗೂಡು ಖಾಲಿ ಇದೆ ಅಂದೆಯಲ್ಲ, ಅಲ್ಲಿಡು.

ಪುಸ್ತಕ ನಾನೇ ತರುತ್ತೇನೆ. ಮಾತು ಕೊಟ್ಟಿದ್ದೇನೆ.

ಇದ್ವಾಲ್


ಬ್ರಿನ್‌ಗ್ಲಾಸ್
11 ಫೆಬ್ರವರಿ 1957

ಇದ್ವಾಲ್ ಅವರಿಗೆ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆಯದೆ ಇರಲಾರದ್ದಕ್ಕೆ ಬರೆಯುತ್ತಿದ್ದೇನೆ.

ಅಪ್ಪನನ್ನು ನಿನ್ನೆ ಮಣ್ಣು ಮಾಡಿದೆವು. ಚರ್ಚಿನ ಅಂಗಳದಲ್ಲಿ, ಯೂ ಮರದ ಕೆಳಗೆ, ಅಮ್ಮನ ಪಕ್ಕ. ಎದೆಗೆ ಶೀತ ಇಳಿದಿತ್ತು.

ಆ ಸಿನಿಮಾ ನೋಡಿ ಬಂದ ಮೇಲೆ ಅವರು ಪ್ಲಗೈನ್‌ಗೆ ಹೋದರು, ಆದರೆ ಹಾಡಲು ಏಳಲಿಲ್ಲ. ಮೊದಲ ವರ್ಷ ಇಡೀ ಚರ್ಚು ಅವರಿಗಾಗಿ ಕಾಯಿತು. ಅವರು ಟೋಪಿ ನೋಡುತ್ತ ಕೂತರು. ಎರಡನೆಯ ವರ್ಷ ಯಾರೂ ಕಾಯಲಿಲ್ಲ. "ಅಪ್ಪನೇ ಹಾಡದಿದ್ಮೇಲೆ ನಾನ್ಯಾರ ಜೊತೆ ಹಾಡ್ಲಿ?" ಎಂದು ಇಥೆಲಣ್ಣ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗೆ ಹೋದ. ಮಣ್ಣಿಗೆ ಬಂದವನು ಇಂದು ಮತ್ತೆ ಹೊರಟ. ಈಗ ಇಲ್ಲಿ ನಾನು, ಎಂಟು ಹಸು, ನೂರಿಪ್ಪತ್ತು ಕುರಿ.

ಕೊನೆಯ ಎರಡು ದಿನ ಅಪ್ಪ ಹಾಸಿಗೆಯಲ್ಲಿ ನಮ್ಮ ಹಾಡನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಹತ್ತನೆಯ ನುಡಿಯವರೆಗೆ ಬರುವುದು, ನಿಲ್ಲುವುದು. ಮತ್ತೆ ಮೊದಲಿನಿಂದ. "ಪುಸ್ತಕ ತಾ" ಅಂದರು. ನನಗೆ ದಿಕ್ಕು ತೋಚದೆ ಬೈಬಲನ್ನು ಕೈಗಿಟ್ಟೆ. ರಟ್ಟು ಸವರಿ ನೋಡಿ, "ಇದಲ್ಲ" ಎಂದು ತಳ್ಳಿದರು.

ಹನ್ನೊಂದನೆಯ ನುಡಿ ನನಗೆ ಗೊತ್ತಿತ್ತು. ಹತ್ತೊಂಬತ್ತೂ ಗೊತ್ತು. ಹಾಲಿನ ಕೋಣೆಯ ಬಾಗಿಲ ಹಿಂದೆ ನಾನು ನಿಲ್ಲುತ್ತಿದ್ದದ್ದು ಅದಕ್ಕೆ. ನಿಮಗಾಗಿ ಎಂದು ನೀವು ಬರೆದಿದ್ದಿರಿ. ಅರ್ಧ ನಿಜ, ಆ ಅರ್ಧಕ್ಕೆ ಈಗ ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಹೆಂಗಸರು ಹಾಡಿದ್ದಿಲ್ಲ. ನಾನಂತೂ ಅಪ್ಪನ ಮುಂದೆ ಗಟ್ಟಿಯಾಗಿ ಮಾತನ್ನೂ ಆಡಿದವಳಲ್ಲ. ಅವರು ಹುಡುಕುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ, ನುಡಿ ನನ್ನ ನಾಲಿಗೆಯ ಮೇಲಿತ್ತು, ಬಾಯಿ ಬರಲಿಲ್ಲ. ಬೆಳಿಗ್ಗೆ ಹೋಗಿಬಿಟ್ಟರು.

ನನ್ನ ತಪ್ಪನ್ನು ನಾನು ಹೊರುತ್ತೇನೆ. ನಿಮ್ಮದನ್ನು ನೀವು ಹೊರುವ ಹಾಗೆ ಮಾಡುತ್ತೇನೆ. ಹೇಗೆ ಎಂದು ಗೊತ್ತಿಲ್ಲ. ಅಪ್ಪ ಹೋದ ಸುದ್ದಿಯನ್ನು ನಿಮಗೆ ತಿಳಿಸುವುದಿಲ್ಲ. ಅಳಲು ನಿಮಗೆ ಅವರನ್ನೂ ಕೊಡುವುದಿಲ್ಲ.

ನೆಸ್ತಾ


ಲಂಡನ್
14 ಅಕ್ಟೋಬರ್ 1958

ಪ್ರೀತಿಯ ನೆಸ್ತಾ,

ಮೂರು ವರ್ಷದಿಂದ ನಿನ್ನ ಒಂದು ಸಾಲೂ ಇಲ್ಲ. ಮದುವೆಯಾಯಿತೇ? ಹಳ್ಳಿಗೆ ಟೆಲಿವಿಷನ್ ಬಂದಿರಬೇಕು; ಹಾಗಾದರೆ ಪ್ರತಿ ಗುರುವಾರ ನನ್ನನ್ನು ನೋಡುತ್ತಿರುತ್ತೀರಿ. ನಾನೀಗ ಪೊಲೀಸ್ ಇನ್ಸ್‌ಪೆಕ್ಟರ್! ಬೀದಿಯಲ್ಲಿ ಹೋದರೆ ಮಕ್ಕಳು ಕೈ ಮುಂದೆ ಚಾಚಿ, "ಬೇಡಿ ಹಾಕಿ ಸಾರ್" ಅನ್ನುತ್ತವೆ.

ಆದರೆ ಗುರುವಾರದ ಮುಖಕ್ಕೆ ಆಯಸ್ಸು ಕಡಿಮೆ. ಬರುವ ವರ್ಷ ಈ ಧಾರಾವಾಹಿ ಮುಗಿಯುತ್ತದೆ. ಆಮೇಲೆ ಯಾರು ಕರೆಯುತ್ತಾರೋ ಗೊತ್ತಿಲ್ಲ. ಅದಕ್ಕೇ ಒಂದು ಯೋಜನೆ ಹೂಡಿದ್ದೇವೆ: ನಟ ತನ್ನ ಕಣಿವೆಗೆ ಮರಳುತ್ತಾನೆ, ಅರ್ಧ ಗಂಟೆಯ ಕಾರ್ಯಕ್ರಮ. ಜನವರಿ 11ರ ಪ್ಲಗೈನ್ ಚಿತ್ರೀಕರಿಸುತ್ತೇವೆ. ಹೊಸ ಪಾದ್ರಿಗಳು ಒಪ್ಪಿದ್ದಾರೆ. ನಾನು ಯಜಮಾನರ ಜೊತೆ, ಇಥೆಲ್ ಜೊತೆ ಮೊದಲಿನ ಹಾಗೇ ನಿಂತು ನಮ್ಮ ಹಾಡು ಹಾಡುತ್ತೇನೆ. ಕೊನೆಯ ನುಡಿ ಮುಗಿದೊಡನೆ ಪುಸ್ತಕವನ್ನು ಎಲ್ಲರೆದುರು ಅವರ ಕೈಗೆ ಕೊಡುತ್ತೇನೆ. ನಾನು ಕೊಟ್ಟ ಮಾತು ಇಡೀ ದೇಶದ ಮುಂದೆ ನೆರವೇರುತ್ತದೆ. ಅವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಅವರಿಗೆ ಹೇಳಿ ಒಪ್ಪಿಸು. ನೀನು ಹೇಳಿದರೆ ಕೇಳುತ್ತಾರೆ.

ಇದ್ವಾಲ್


ಬ್ರಿನ್‌ಗ್ಲಾಸ್
30 ಅಕ್ಟೋಬರ್ 1958

ಪ್ರೀತಿಯ ಇದ್ವಾಲಣ್ಣನಿಗೆ,

ಕಾಗದ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ನನ್ನ ಅಕ್ಷರ ನಿಮಗೆ ಗೊತ್ತು, ನಾಚಿಕೆ.

ಖಂಡಿತ ಬನ್ನಿ. ಇಥೆಲಣ್ಣ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ, ಬರಲಾರ. ಅಪ್ಪ ಈಗ ಹಾಡುವುದಿಲ್ಲ. ಹಾಗಾಗಿ ನೀವೊಬ್ಬರೇ ಹಾಡಬೇಕಾದೀತು. ಅದರಿಂದೇನು, ಜನ ನೋಡುವುದು ನಿಮ್ಮನ್ನಲ್ಲವೇ? ಮೊದಲೇ ಮನೆಗೆ ಬಂದರೆ ಇಲ್ಲಿ ಉಪಚಾರಕ್ಕೆ ಯಾರೂ ಇಲ್ಲ. ನೇರ ಚರ್ಚಿಗೇ ಬನ್ನಿ. ಪುಸ್ತಕ ಮರೆಯಬೇಡಿ.

ನಿಮ್ಮ ನೆಸ್ತಾ


ಲಂಡನ್
12 ಡಿಸೆಂಬರ್ 1958

ನನ್ನ ಪುಟ್ಟ ನೆಸ್ತಾ,

ನಿನ್ನ ಕಾಗದ ಓದಿ ಎದೆ ಹಗುರಾಯಿತು. ಯಜಮಾನರು ಹಾಡದಿದ್ದರೂ ಚಿಂತೆಯಿಲ್ಲ, ಮುಂದಿನ ಬೆಂಚಿನಲ್ಲಿ ಕೂತಿದ್ದರೆ ಸಾಕು. ಅವರ ಮುಖದ ಮೇಲೆ ಒಂದು ದೀಪ ಇಡಿಸಿದ್ದೇನೆ. ಯಾರು ಯಾವಾಗ ಏಳಬೇಕು ಎಂದು ನಮ್ಮವರು ಪಟ್ಟಿ ಮಾಡಿ ಪಾದ್ರಿಗಳಿಗೆ ಕಳಿಸಿದ್ದಾರೆ: ಮೊದಲು ಗಿರಣಿಯವರು, ಆಮೇಲೆ ಇನ್ನಿಬ್ಬರು, ನಾಲ್ಕನೆಯದು ನಾನು. ನೀನು ಅಪ್ಪನ ಪಕ್ಕ ಕೂರು. ನೀಲಿ ಬಟ್ಟೆ ಹಾಕಿಕೋ, ಬಿಳಿ ಬೇಡ, ಕ್ಯಾಮೆರಾಕ್ಕೆ ಕಣ್ಣು ಕುಕ್ಕುತ್ತದೆ.

ಇದ್ವಾಲ್


ಬ್ರಿನ್‌ಗ್ಲಾಸ್
10 ಜನವರಿ 1959

ಇದ್ವಾಲ್,

ಇದೂ ಅಂಚೆಗೆ ಹೋಗುವ ಕಾಗದವಲ್ಲ.

ಪ್ಲಗೈನ್‌ಗೆ ಪಟ್ಟಿ! ಅಂಚೆ ಕಚೇರಿಯಲ್ಲಿ ಎಲ್ಲರೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ. ಎದ್ದವನು ಎದ್ದ, ಹಾಡಿದವನು ಹಾಡಿದ. ಯಾರೂ ಯಾರನ್ನೂ ಕರೆಯದಿರುವುದೇ ನಮ್ಮ ಪ್ಲಗೈನ್. "ನಾನು ನಲ್ವತ್ತು ವರ್ಷದಿಂದ ಹಾಡ್ತಿದೀನಿ, ಇವ್ನ್ಯಾವನು ನಂಗೆ ನಂಬರ್ ಕೊಡಕ್ಕೆ? ನಾನೇನ್ ದನದ ಸಂತೇಲಿ ನಿಂತಿದೀನಾ?" ಎಂದು ವಿನ್ ಕೂಗಾಡಿದ. ನಾನು ಮೆಲ್ಲಗೆ, "ನಾಳೆ ನೀವು ಹಾಡಕ್ಕೆ ಸ್ವಲ್ಪ ತಡವಾಗಿ ಏಳ್ತೀರಾ, ವಿನ್ ಮಾವ?" ಅಂದೆ. ಅವನು ನನ್ನನ್ನೇ ನೋಡಿದ. ಏಕೆ ಎಂದು ಕೇಳಲಿಲ್ಲ. "ಚರ್ಚಲ್ಲಿ ನಿಮ್ಮಪ್ಪ ನಿಲ್ತಿದ್ದ ಕಲ್ಲು ಗೊತ್ತಲ್ಲ? ಸ್ವಲ್ಪ ಅಲ್ಲಾಡತ್ತೆ. ಕಾಲು ಊರಿ ನಿಲ್ಲು" ಅಂದ.

ಎರಡು ತಿಂಗಳಿಂದ ಹಾಲು ಕರೆಯುವಾಗ ಹಸುಗಳಿಗೆ ಹಾಡುತ್ತಿದ್ದೇನೆ. ಮೊದಲ ವಾರ ಅವುಗಳಿಗೂ ನಾಚಿಕೆಯಾಯಿತೋ ಏನೋ, ಹಾಲು ಇಳಿಸಲಿಲ್ಲ. ಈಗ ಹತ್ತೊಂಬತ್ತು ನುಡಿ ಮುಗಿಯುವ ಹೊತ್ತಿಗೆ ಎರಡು ಹಸು ಕರೆದಾಗಿರುತ್ತದೆ.

ನಾಳೆ ಮೊದಲು ಏಳುವವಳು ನಾನು. ನಾನು ಹಾಡಿದ ಮೇಲೆ ಆ ಹಾಡು ನಿಮಗೆ ಸಿಕ್ಕುವುದಿಲ್ಲ. ದೀಪ, ಕ್ಯಾಮೆರಾ, ಪಟ್ಟಿ ಎಲ್ಲ ಇಟ್ಟುಕೊಂಡು ಬರಿಗೈಯಲ್ಲಿ ನಿಲ್ಲಿ. ಹೆದರಿಕೆಯಿದೆ. ಇರಲಿ. ಸಿಟ್ಟು ಅದಕ್ಕಿಂತ ದೊಡ್ಡದಿದೆ.

ಬಿಳಿ ಬಟ್ಟೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ನೆಸ್ತಾ


ಲಂಡನ್
14 ಜನವರಿ 1959

ನೆಸ್ತಾ,

ನಿನ್ನಲ್ಲಿ ಇಷ್ಟು ವಿಷವಿತ್ತೇ? ಆರು ವರ್ಷ ಒಂದೇ ಮೇಜಿನಲ್ಲಿ ಉಂಡವಳು, "ಹಾಲು ತಗೊಳ್ಳಿ" ಎಂಬುದು ಬಿಟ್ಟು ನಿನ್ನ ಬಾಯಿಂದ ಒಂದು ಮಾತು ಕೇಳಿದವನಲ್ಲ ನಾನು.

ದೀಪ ಹಚ್ಚಿ ಎಲ್ಲ ಸಿದ್ಧವಾಗಿತ್ತು. ಮುಂದಿನ ಬೆಂಚು ಖಾಲಿ ಇತ್ತು. ಯಜಮಾನರು ಒಳಗಿನ ಕೋಣೆಯಲ್ಲಿರಬೇಕು ಎಂದುಕೊಂಡೆ. ಗಿರಣಿಯವನು ಏಳಲಿಲ್ಲ. ಎದ್ದು ಬಂದದ್ದು ನೀನು, ಕಣ್ಣು ಕುಕ್ಕುವ ಬಿಳಿ ಬಟ್ಟೆಯಲ್ಲಿ. ನೀನು ಆ ಕಲ್ಲಿನ ಮೇಲೆ ನಿಂತಾಗ ಪಕ್ಕದಲ್ಲಿದ್ದ ಮಾರ್ಗೆಡ್‌ಗೆ, "ಯಜಮಾನ್ರೆಲ್ಲಿ?" ಅಂದೆ.

"ಯಾವ ಯಜಮಾನ್ರು?"

"ಬ್ರಿನ್‌ಗ್ಲಾಸ್ ಯಜಮಾನ್ರು!"

"ಅಯ್ಯೋ ನಿನ್ನ! ಎರಡು ವರ್ಷ ಆಯ್ತಲ್ಲಪ್ಪ ಹೋಗಿ. ಬರ್ತಾ ಅವ್ರ ಪಕ್ಕದಲ್ಲೇ ಹಾದು ಬಂದ್ಯಲ್ಲ, ಮರದ ಕೆಳಗೆ. ನಿಂಗ್ಯಾರೂ ಹೇಳ್ಲಿಲ್ವಾ?"

ಅಷ್ಟರಲ್ಲಿ ನೀನು ಹಾಡಲು ಶುರುಮಾಡಿದ್ದೆ.

ನಿರ್ದೇಶಕರು ಕಿವಿಯ ಹತ್ತಿರ ಬಂದು, "ಇದು ನಿಮ್ಮ ಹಾಡಲ್ವಾ? ನೀವ್ಯಾವಾಗ ಹಾಡೋದು?" ಅಂದರು.

"ಇನ್ನು ಹಾಡೋ ಹಾಗಿಲ್ಲ."

"ಯಾರು ಬೇಡ ಅಂದ್ರು?"

"ಯಾರೂ ಅನ್ನಲ್ಲ. ಹಾಡೋ ಹಾಗಿಲ್ಲ, ಅಷ್ಟೆ."

ಆಮೇಲೆ ಗಿರಣಿಯವರು ಹಾಡಿದರು, ಇನ್ನಿಬ್ಬರು ಹಾಡಿದರು. ನನ್ನ ಸರದಿಗೆ ಎಲ್ಲರೂ ಸುಮ್ಮನೆ ಕಾದರು. ಪುಸ್ತಕದಲ್ಲಿ ನಲವತ್ತು ಹಾಡಿವೆ. ತೆರೆದೆ. ಅಕ್ಷರ ಕಂಡವು, ಒಂದರ ರಾಗವೂ ಬರಲಿಲ್ಲ. ಏಳು ವರ್ಷದಿಂದ ನಾನು ಒಂದೇ ಹಾಡಿನ ಮೇಲೆ ಬದುಕಿದ್ದೆ. ಪುಸ್ತಕವನ್ನು ಕೋಟಿನ ಒಳಗಿಟ್ಟುಕೊಂಡು ಹೊರಗೆ ಬಂದೆ.

ಅವರು ಹೋದದ್ದನ್ನು ನನಗೆ ಹೇಳಬಹುದಿತ್ತು. ಅವರು ನಿನಗೆ ಮಾತ್ರ ಸೇರಿದವರಾಗಿರಲಿಲ್ಲ. ಕಾರ್ಯಕ್ರಮ ಮುಳುಗಿತು. ಇನ್ಸ್‌ಪೆಕ್ಟರನೂ ಈಸ್ಟರಿಗೆ ಮುಗಿಯುತ್ತಾನೆ. ನಿನಗೆ ಸಮಾಧಾನವೇ?

ಇದ್ವಾಲ್


ಲಂಡನ್
6 ಏಪ್ರಿಲ್ 1959

ನೆಸ್ತಾ,

ನೀನು ಉತ್ತರ ಬರೆಯಲಿಲ್ಲ. ಬೇಡ. ನನ್ನ ಸುದ್ದಿ ಕೇಳು.

ಕಾರ್ಯಕ್ರಮ ಮುಳುಗಲಿಲ್ಲ. ಅವರು ಚಿತ್ರವನ್ನು ಕತ್ತರಿಸಿ ಹೊಲಿದರು: ನಿನ್ನ ಧ್ವನಿಯಲ್ಲಿ ಎರಡು ನುಡಿ, ಅದರ ಮೇಲೆ ಕೇಳುತ್ತ ಕೂತ ನನ್ನ ಮುಖ. ನಾನು ಅತ್ತದ್ದು ಕ್ಯಾಮೆರಾಕ್ಕೆ ಸಿಕ್ಕಿತ್ತು. ಮಾರ್ಚಿನಲ್ಲಿ ಅದು ಪ್ರಸಾರವಾದ ಮರುದಿನ ಪತ್ರಿಕೆಗಳೆಲ್ಲ ಆ ಮುಖವನ್ನೇ ಬರೆದವು. ಹಾಡಿದವಳ ಹೆಸರು ಯಾರೂ ಬರೆಯಲಿಲ್ಲ. ವಾರದೊಳಗೆ ದೊಡ್ಡ ಸಿನಿಮಾವೊಂದಕ್ಕೆ ಕರೆ ಬಂತು, ಮುಖ್ಯ ಪಾತ್ರ, ಗುಡ್ಡಗಾಡಿನ ಒಬ್ಬ ಮುದಿ ರೈತ. ನೀನು ನನ್ನನ್ನು ನೆಲಕ್ಕೆ ಕೆಡವಲು ಹೋದೆ, ಏಣಿ ಹಿಡಿದುಕೊಟ್ಟೆ.

ಆದರೆ ಒಂದು ಮಾತು ನಂಬು: ಅದು ನಟನೆಯಲ್ಲ. ಜೀವನದಲ್ಲಿ ಒಮ್ಮೆ ನಾನು ಗುರುತು ಹಾಕದೆ ಅತ್ತೆ.

ಪುಸ್ತಕವನ್ನು ಬೇರೆಯಾಗಿ ಅಂಚೆಗೆ ಹಾಕಿದ್ದೇನೆ. ಇನ್ನು ನನ್ನ ಬಳಿ ಅದು ಇರಬಾರದು.

ಒಂದು ಸಣ್ಣ ಸಹಾಯ ಮಾಡು. ಆ ರೈತನನ್ನು ನಾನು ಯಜಮಾನರ ಮೇಲೆಯೇ ಕಟ್ಟುತ್ತಿದ್ದೇನೆ. ಏಳುವಾಗ ಅವರು ಟೋಪಿಯನ್ನು ಮೊಣಕಾಲಿಗೆ ಬಡಿಯುತ್ತಿದ್ದರಲ್ಲ, ಅದು ಬಲಗೈಯಲ್ಲೋ ಎಡಗೈಯಲ್ಲೋ? ನೆನಪಾಗುತ್ತಿಲ್ಲ.

ಇದ್ವಾಲ್


ಬ್ರಿನ್‌ಗ್ಲಾಸ್
21 ಏಪ್ರಿಲ್ 1959

ಇದ್ವಾಲ್,

ಈ ಸಲ ಅಕ್ಷರಕ್ಕೆ ಕ್ಷಮೆ ಕೇಳುವುದಿಲ್ಲ. ಓದಲು ಕಷ್ಟವಾದರೆ ಕಷ್ಟಪಟ್ಟು ಓದು.

ಪುಸ್ತಕ ಮೊನ್ನೆ ಬಂತು. ಮಾರ್ಗೆಡ್ ತಾನೇ ಗುಡ್ಡ ಹತ್ತಿ ತಂದುಕೊಟ್ಟಳು. ನಿನ್ನ ಕಾಗದ ಓದಿ ಹತ್ತು ದಿನ ನನಗೆ ನಿದ್ದೆ ಸರಿಯಿರಲಿಲ್ಲ. ಗಿರಣಿಯವರ ಮನೆಯ ಟೆಲಿವಿಷನ್ನಿನಲ್ಲಿ ಆ ಕಾರ್ಯಕ್ರಮ ನಾನೂ ನೋಡಿದ್ದೆ. ಹದಿನಾಲ್ಕನೆಯ ನುಡಿ ಬಂದಾಗ ನೀನು ಪಕ್ಕಕ್ಕೆ ತಿರುಗಿದೆ, ಕಣ್ಣು ತುಂಬಿತು, ಸ್ವಲ್ಪ ಹೊತ್ತು ಹಾಗೇ ಬಿಟ್ಟು ಒರೆಸಿಕೊಂಡೆ. "ಪಾಪ, ಎಷ್ಟಾದ್ರೂ ಅನ್ನ ಹಾಕಿದ ಮನೆ ನೋಡು" ಎಂದು ಮಾರ್ಗೆಡ್ ಮೂಗು ಒರೆಸಿಕೊಂಡಳು. ನಾನು ಮಾಡಿದ್ದು ಹೆಚ್ಚಾಯಿತೇ ಎಂದು ನನಗೂ ಅನ್ನಿಸಿತ್ತು. ನಿನಗೆ ಹಾಗೆಂದು ಬರೆಯಲು ಕಾಗದವನ್ನೂ ತೆಗೆದಿಟ್ಟಿದ್ದೆ.

ಆಮೇಲೆ ಪುಸ್ತಕ ತೆರೆದೆ.

ನೀನು ಪೆನ್ಸಿಲು ಅಳಿಸಲು ಮರೆತಿದ್ದೀಯ, ಇದ್ವಾಲ್. ನಮ್ಮ ಹಾಡಿನ ಅಂಚಿನ ತುಂಬ ನಿನ್ನ ಕೈಬರಹ. ಮೊದಲ ನುಡಿಯ ಪಕ್ಕ: "ಲೋಟ ಎತ್ತು. ತೊದಲು." ಅದು ಹಳೆಯದು, ಹೆಂಡದಂಗಡಿಯದು. ಹತ್ತೊಂಬತ್ತರ ಪಕ್ಕ ಹೊಸದು: "ಪುಸ್ತಕ ಎರಡು ಕೈಯಲ್ಲಿ ಕೊಡು. ಎಡಗೆನ್ನೆ ದೀಪದ ಕಡೆ." ಹದಿನಾಲ್ಕರ ಪಕ್ಕ ಎರಡು ಗೆರೆ ಎಳೆದು ಬರೆದಿದ್ದೀಯ: "ಮುದುಕನ ಕಡೆ ತಿರುಗು. ಕಣ್ಣು ತುಂಬಲಿ. ಮೂರು ಎಣಿಸು. ಒರೆಸು."

ನೀನು ತಿರುಗಿದೆ. ತುಂಬಿತು. ಎಣಿಸಿದೆ. ಒರೆಸಿದೆ.

ಅಂದು ಆ ಬೆಂಚಿನಲ್ಲಿ ಮುದುಕ ಇರಲಿಲ್ಲ. ಹಾಗಾದರೆ ಯಾರ ಕಡೆ ತಿರುಗಿದ ಎಂದು ಒಂದು ಗಳಿಗೆ ನನ್ನ ಮನಸ್ಸು ಕೇಳಿತು. ಉತ್ತರ ನಿನಗೆ ಗೊತ್ತಿರಬಹುದು, ಅಥವಾ ನಿನಗೂ ಗೊತ್ತಿಲ್ಲದಿರಬಹುದು. ಬರೆದು ತಿಳಿಸಬೇಡ. ತಿಳಿದುಕೊಳ್ಳುವುದು ನನಗೆ ಬೇಕಿಲ್ಲ.

ಈಗ ಟೋಪಿಯ ಮಾತು. ಅಪ್ಪ ಅದನ್ನು ಯಾವ ಕೈಯಲ್ಲಿ ಬಡಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಇಥೆಲಣ್ಣನಿಗೆ ಕಾಗದ ಹಾಕಿದ್ದೇನೆ, ಅವನೂ ಹೇಳುವುದಿಲ್ಲ. ಮಾರ್ಗೆಡ್ ಹೇಳುವುದಿಲ್ಲ, ವಿನ್ ಹೇಳುವುದಿಲ್ಲ. ನೀನು ಒಂದು ಕೈಯನ್ನು ಆರಿಸಿಕೊಳ್ಳಲೇಬೇಕು. ನಿನ್ನ ಸಿನಿಮಾ ಆಸ್ವೆಸ್ಟ್ರಿಗೆ ಬಂದ ದಿನ ನಾವು ಬಸ್ಸು ತುಂಬಿ ಹೋಗುತ್ತೇವೆ. ನೀನು ಬಡಿದದ್ದು ತಪ್ಪು ಕೈಯಾದರೆ ಇಡೀ ಲೋಕ ಅಳುವಾಗ ನಾವು ನಲವತ್ತು ಜನ ನಗುತ್ತೇವೆ. ಸರಿಯಾದ ಕೈಯಾದರೂ ನಗುತ್ತೇವೆ. ಹಾಗೆಂದು ಮಾತಾಗಿದೆ. ಆದ್ದರಿಂದ ಟೋಪಿ ಕೈಗೆತ್ತಿಕೊಂಡಾಗಲೆಲ್ಲ ಆ ನಗು ನಿನ್ನ ಕಿವಿಯಲ್ಲಿರಲಿ. ನಾನು ನಿನಗೆ ಕೊಡಬಹುದಾದದ್ದು ಇಷ್ಟೇ, ಇದನ್ನು ಜೋಪಾನವಾಗಿ ಇಟ್ಟುಕೋ.

ಬರುವ ಜನವರಿಯಲ್ಲಿ ನಾನು ಮತ್ತೆ ಏಳುತ್ತೇನೆ. ವಿನ್ ಮಾವನ ಇಬ್ಬರು ಹೆಣ್ಣುಮಕ್ಕಳು ನನ್ನ ಎಡಬಲಕ್ಕೆ ನಿಲ್ಲುತ್ತಾರೆ. ಹಾಲು ಕರೆಯುವ ಹೊತ್ತಿಗೆ ಇಲ್ಲಿಗೇ ಬಂದು ಕಲಿಯುತ್ತಿದ್ದಾರೆ, ನಾನು ಬಾಗಿಲು ತೆರೆದಿಡುತ್ತೇನೆ. ನಿನ್ನ ಫೋಟೋ ಹಾಲಿನ ಕೋಣೆಯ ಒಡೆದ ಕಿಟಕಿಗೆ ಸರಿಯಾಗಿ ಕೂತಿದೆ. ಮುಖ ಹೊರಗಡೆಗೆ.

ಇವತ್ತು ಬೆಳಿಗ್ಗೆ ಒಣಗಿದ ಬ್ರೆಡ್ಡಿನ ಒಳಗಿನ ಮೆದು ಭಾಗವನ್ನು ಉಂಡೆ ಮಾಡಿ, ಮುತ್ತಾತನ ಶಾಯಿಗೆ ತಾಗದ ಹಾಗೆ, ಒಂದೊಂದೇ ಪುಟದಿಂದ ನಿನ್ನ ಪೆನ್ಸಿಲನ್ನು ಉಜ್ಜಿ ತೆಗೆದೆ. ಒಂದನ್ನು ಮಾತ್ರ ಬಿಟ್ಟೆ. ಒಂಬತ್ತನೆಯ ನುಡಿಯ ಪಕ್ಕ "ಇಲ್ಲಿ ಉಸಿರು" ಎಂದಿದೆ. ಕೈ ನಿನ್ನದು, ಮಾತು ಅಪ್ಪನದು, ಬಾಗಿಲ ಹಿಂದಿನಿಂದ ನಾನೇ ಕೇಳಿದ್ದೆ. ಉಳಿದದ್ದೆಲ್ಲ, ನಿನ್ನ ಕಣ್ಣೀರು, ನಿನ್ನ ಮೂರು ಎಣಿಕೆ, ನಿನ್ನ ಎಡಗೆನ್ನೆ, ಬೂದುಬಣ್ಣದ ಚೂರಾಗಿ ಮೇಜಿನ ಮೇಲೆ ಬಿತ್ತು. ಸೊಂಟದ ಏಪ್ರನ್ನಿಗೆ ಅದನ್ನು ಬಳಿದುಕೊಂಡು ಹೋಗಿ ಅಂಗಳದಲ್ಲಿ ಕೊಡವಿದೆ. ಕೋಳಿಗಳು ಓಡಿ ಬಂದು ತಿಂದವು.

ನೆಸ್ತಾ, ಬ್ರಿನ್‌ಗ್ಲಾಸ್